ಗ್ರೂಪ್ ಫೋಟೋಗೆ 10-18 ಜೂಮಾ, 24 ಪ್ಯಾನ್‌ಕೇಕಾ?

ನನ್ನ ಓಟು ಬಿಲ್ಲೆಯಂಥ ತೆಳು, ಜೂಮ್ ಇಲ್ಲದ 24 ಎಂಎಂ ಪ್ಯಾನ್‌ಕೇಕ್‌ಗೆ. ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ 10-18 ಎಂಎಂ ಜೂಮ್ ಲೆನ್ಸಿಗೆ ಸುರಿದ ದುಡ್ಡಿನ ಉರಿ ಇನ್ನೂ ಆರಿಲ್ಲ.

ಕೊಪ್ಪದ ಹತ್ತಿರದ ನಮ್ಮ ಅಜ್ಜನ ಮನೆಯಲ್ಲಿ ದೀಪಾವಳಿಗೆ ಇಪ್ಪತ್ತೈದು ಜನ ಸೇರ್ತೀವಿ. ಫೋಟೋ ಅಂದ್ರೆ ಜಗುಲಿಯ ಮೇಲೇ ಆಗಬೇಕು, ಅದು ಅಜ್ಜನ ಕಾಲದ ರೂಢಿ. ನನಗೆ ಹಿಂದೆ ಸರಿಯೋಕೆ ಸಿಗೋದು ಮೂರು ಮೀಟರ್. ನನ್ನದು 1.6 ಕ್ರಾಪ್ ಕ್ಯಾಮೆರಾ, ಅಂದ್ರೆ ಒಳಗಿನ ಸೆನ್ಸರ್ ಚಿಕ್ಕದು, ಫ್ರೇಮಿನ ಅಗಲ ಕಮ್ಮಿ. ಎಂಎಂ ಕಮ್ಮಿಯಾದಷ್ಟೂ ಅಗಲ ಜಾಸ್ತಿ. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸಿನ 18 ಎಂಎಂನಲ್ಲಿ ಅಲ್ಲಿಂದ ಹಿಡಿಸೋದು 3.7 ಮೀಟರ್ ಅಗಲ ಅಷ್ಟೇ. ಪ್ರತಿ ವರ್ಷ ಇಬ್ಬರು ಭಾವಂದಿರು ಫ್ರೇಮಿನ ಹೊರಗೆ. 10 ಎಂಎಂ ಆದ್ರೆ ಅದೇ ಜಾಗದಿಂದ 6.7 ಮೀಟರ್. ಲೆಕ್ಕ ಸರಿಯಾಗೇ ಇತ್ತು, ಜೂಮ್ ತಗೊಂಡೆ.

ಎಲ್ಲರೂ ಹಿಡಿಸಿದ್ರು. ಆದ್ರೆ ತುದಿಯಲ್ಲಿ ನಿಂತಿದ್ದ ಅತ್ತೆ ಫೋಟೋ ನೋಡಿ, "ಇದ್ಯಾರೋ, ನಾನಾ? ನನ್ನ ಮುಖ ಯಾವಾಗ ಕುಂಬಳಕಾಯಿ ಆಯ್ತು?" ಅಂದ್ರು. ಮಧ್ಯ ನಿಂತ ಚಿಕ್ಕಮ್ಮ ಮಾತ್ರ ಇದ್ದ ಹಾಗೇ ಇದ್ದರು, ಅದು ಇನ್ನೊಂದು ರಾಮಾಯಣ.

ಮೊದಲು ಲೆನ್ಸೇ ಕೆಟ್ಟಿದೆ ಅಂದ್ಕೊಂಡೆ. ಸಾಫ್ಟ್‌ವೇರಿನಲ್ಲಿ ಡಿಸ್ಟಾರ್ಷನ್ (ನೇರ ಗೆರೆ ಬಾಗೋದು) ತಿದ್ದಿದೆ. ಕಂಬಗಳು ನೆಟ್ಟಗಾದವು, ಅತ್ತೆಯ ಮುಖ ಕದಲಲಿಲ್ಲ. ಕದಲೋದೂ ಇಲ್ಲ. ಗೋಡೆ, ಕಂಬದ ಗೆರೆಗಳು ನೇರ ಇರಬೇಕು ಅಂದ್ರೆ ದುಂಡಗಿರೋ ತಲೆ ಫ್ರೇಮಿನ ಅಂಚಿಗೆ ಹೋದಷ್ಟೂ ಹೊರಕ್ಕೆ ಎಳೆದುಕೊಳ್ಳಲೇಬೇಕು. ಎಷ್ಟೇ ದುಬಾರಿ ಲೆನ್ಸ್ ತಂದರೂ ಈ ಜ್ಯಾಮಿತಿ ಬದಲಾಗಲ್ಲ. ನನ್ನ ಕ್ಯಾಮೆರಾದಲ್ಲಿ 10ಕ್ಕೆ ತೀರಾ ಅಂಚಿನ ಮುಖ ಸುಮಾರು ಒಂದೂವರೆ ಪಟ್ಟು ಅಗಲ ಆಗುತ್ತೆ. 18ರಲ್ಲಿ ಶೇ. 18ರಷ್ಟು, 24ರಲ್ಲಿ ಶೇ. 10ರಷ್ಟು. ಆ ಹತ್ತನ್ನು ಅತ್ತೆ ಕೂಡ ಕಂಡುಹಿಡಿಯಲ್ಲ. ಸರಿ, ಜೂಮನ್ನ 18ಕ್ಕೇ ಇಟ್ಟು ತೆಗೆಯೋಣ ಅಂದ್ರೆ, ಅದು ಕಿಟ್ ಲೆನ್ಸಿನಲ್ಲೇ ಇತ್ತಲ್ಲ! ಅಲ್ಲಿ ಎಫ್/3.5 ಸಿಗ್ತಿತ್ತು, ಇಲ್ಲಿ ಎಫ್/5.6; ಎಫ್ ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರೋ ಬೆಳಕು ಕಮ್ಮಿ.

ಅಂಚುಗಳು ಮಸುಕಾಗಿದ್ದವು ಅನ್ನೋದು ಇನ್ನೊಂದು ದೂರು. ಫೋಕಸ್ ತಪ್ಪಲ್ಲ ಅದು. 10 ಎಂಎಂನಲ್ಲಿ ಎಫ್/8 ಇಟ್ಟರೆ ಮುಕ್ಕಾಲು ಮೀಟರಿನಿಂದ ಆಚೆಗೆ ಎಲ್ಲವೂ ಫೋಕಸಿನಲ್ಲೇ ಇರುತ್ತೆ. ಸ್ಟೆಬಿಲೈಸೇಶನ್ ನಂಬಿ ಜಗುಲಿಯ ಮಬ್ಬಿನಲ್ಲಿ 1/20 ಸೆಕೆಂಡಿಗೆ ತೆಗೆದಿದ್ದೆ. ಅದು ನನ್ನ ಕೈನಡುಕ ತಡೆಯಿತು, ಮಕ್ಕಳ ಕುಣಿತ ತಡೆಯಲಿಲ್ಲ. ಅತ್ತೆ ಬಿಟ್ಟರೆ ತುದಿಯಲ್ಲಿ ಇದ್ದವರು ಮಕ್ಕಳೇ.

ಫೋನಿನ 0.5 (ಅತಿ ಅಗಲ ಹಿಡಿಸೋ ಕ್ಯಾಮೆರಾ) ಕೂಡ ನೋಡಿದೆ. ಅತ್ತೆಗೆ ತೋರಿಸಲಿಲ್ಲ.

24 ಎಂಎಂ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು, ಜೂಮಿನ ಅರ್ಧಕ್ಕಿಂತ ಕಮ್ಮಿ ಬೆಲೆಗೆ. ಜಗುಲಿಯಲ್ಲಿ ಇದು ದಂಡ. ಅದಕ್ಕೇ ಕಳೆದ ವರ್ಷ ರೂಢಿ ಮುರಿದು ಎಲ್ಲರನ್ನೂ ಜಗುಲಿಯ ಮೆಟ್ಟಿಲಿಗೆ ಇಳಿಸಿ, ನಾನು ಅಡಿಕೆ ಒಣಗಿಸೋ ಅಂಗಳದಲ್ಲಿ ಆರು ಮೀಟರ್ ಹಿಂದೆ ನಿಂತೆ. ಅಗಲ ಐದೂವರೆ ಮೀಟರ್ ಸಿಕ್ಕಿತು, ಮೂರು ಸಾಲಿಗೆ ಧಾರಾಳ. ಮೆಟ್ಟಿಲು ಇರೋದರಿಂದ ಹಿಂದಿನವರ ಮುಖವೂ ಕಾಣುತ್ತೆ. ಅಂಗಳದ ಬೆಳಕಿಗೆ 1/125 ಸಲೀಸು.

ಇದರಲ್ಲೂ ಒಂದು ಸಲ ಎಡವಿದ್ದೀನಿ. ಮಸುಕು ಹಿನ್ನೆಲೆಯ ಆಸೆಗೆ ಎಫ್/2.8 ಇಟ್ಟು, ಮೂರೇ ಮೀಟರಿನಿಂದ ಮುಂದೆ ಕೂತ ಮಗುವಿಗೆ ಫೋಕಸ್ ಮಾಡಿದೆ; ಹಿಂದಿನ ಸಾಲು ಮೆತ್ತಗಾಯಿತು. ಈಗ ಎಫ್/5.6, ಫೋಕಸ್ ನಡು ಸಾಲಿನ ಕಣ್ಣಿಗೆ, ಐದು ಫೋಟೋ ಒಟ್ಟಿಗೆ. ಯಾರೋ ಒಬ್ಬರು ಕಣ್ಣು ಮುಚ್ಚೇ ಮುಚ್ತಾರೆ.

ನಿಮ್ಮದು ಬೆಂಗಳೂರಿನ ಹತ್ತಡಿ ಹಾಲ್ ಆಗಿದ್ರೆ, ಅಂಗಳ ಇಲ್ಲದಿದ್ರೆ, ಜೂಮೇ ಬೇಕಾಗಬಹುದು. ಆಗ 13-14ರಲ್ಲಿ ಇಟ್ಟು ಎರಡೂ ಬದಿ ಜಾಗ ಬಿಟ್ಟು ಆಮೇಲೆ ಕತ್ತರಿಸಿ. ನಾನು ಜೂಮ್ ಮಾರಿಲ್ಲ, ದೇವರ ಕೋಣೆಯ ಅಲಂಕಾರ ತೆಗೆಯೋಕೆ ಇಟ್ಕೊಂಡಿದ್ದೀನಿ. ಅತ್ತೆ ಮಾತ್ರ ಯಾವ ಲೆನ್ಸ್ ಹಾಕಿದ್ರೂ ಈಗ ತುದಿಗೆ ನಿಲ್ಲಲ್ಲ.