ಕರೆಂಟ್ ಲೆಕ್ಕ ಪಕ್ಕಾ, ಮನೆ ಗುಟ್ಟಿನ ಕಥೆ ಏನು?

ಕ್ಯಾತ್ಸಂದ್ರದ ನಮ್ಮ ಮನೆಗೆ, ಕರೆಂಟ್ ಬಳಕೆಯನ್ನು ಫೋನಿನ ಆ್ಯಪ್‌ನಲ್ಲಿ ತೋರಿಸುವ ವೈಫೈ ಎನರ್ಜಿ ಮೀಟರ್ ಹಾಕಿಸಿ ಮೂರು ತಿಂಗಳಾಯಿತು. ಲೆಕ್ಕ ಪಕ್ಕಾ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಅಂತ ಕಣ್ಣಾರೆ ಕಂಡೆವು, ಈಗ ಎಲ್ಲರೂ ಮರೆಯದೆ ಸ್ವಿಚ್ ಆರಿಸುತ್ತಾರೆ.

ಆದರೆ ಸಿದ್ಧಗಂಗೆ ಜಾತ್ರೆಗೆ ನೆಂಟರು ಬಂದಾಗ ಗ್ರಾಫ್ ಏರಿತು, ಆಮೇಲೆ ನಾವು ಊರಿಗೆ ಹೋದ ಎರಡು ದಿನ ಫ್ರಿಜ್‌ನ ಗೆರೆ ಮಾತ್ರ ಉಳಿಯಿತು, ಅಂದರೆ ಮನೆಗೆ ಬೀಗ ಬಿದ್ದಿದೆ ಅಂತ ಆ ಡೇಟಾ ನೋಡುವ ಯಾರಿಗಾದರೂ ತಿಳಿಯುತ್ತದೆ, ಅಲ್ವಾ? ಆ್ಯಪ್ ಫೋನಿನ ಕಾಂಟ್ಯಾಕ್ಟ್ಸ್ ಕೂಡ ಕೇಳಿತು, ಕರೆಂಟ್ ಅಳೆಯೋಕೆ ಅದು ಯಾಕೆ ಬೇಕು? ನಾನು ಕೊಡಲಿಲ್ಲ. ಹಳೆಯ ಡೇಟಾ ಅಳಿಸಿ ಅಂತ ಕಂಪನಿಗೆ ಎರಡು ಸಲ ಮೇಲ್ ಮಾಡಿದೆ, ಉತ್ತರವೇ ಇಲ್ಲ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಹಾಗೆ ಕೇಳುವ ಹಕ್ಕಿದೆ. ಐದಕ್ಕೆ ಎರಡು ಸ್ಟಾರ್.