ಹಬ್ ಒಳಗಿನ 8 ಗೇರ್, ಪುಣೆಯ ಮಳೆ, ಆ ಎರಡು ಹಳದಿ ಗೆರೆ

ಶಿಮಾನೊ ನೆಕ್ಸಸ್ 8 ಹಬ್ (ಹಿಂದಿನ ಚಕ್ರದ ನಡುವಿನ, ಗೇರ್ ತುಂಬಿದ ಡಬ್ಬ) ಇರುವ ಸೈಕಲ್‌ನಲ್ಲಿ ಕೋಥ್ರೂಡ್‌ನಿಂದ ಪಾಷಾಣ್ ಬಡಾವಣೆಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಹಲವು ಮಳೆಗಾಲ ಕಳೆದಿವೆ, ಹಬ್ ಇನ್ನೂ ಅದೇ. ಇಷ್ಟು ವರ್ಷ ಓಡಿಸಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಊರೊಳಗೆ ದಿನಾ ಓಡಾಡುವವರಿಗೆ ಇದಕ್ಕಿಂತ ಒಳ್ಳೆಯ ಗೇರ್ ನಾನು ಕಂಡಿಲ್ಲ. ಆದರೆ "ಗೇರ್ ಜಾರುತ್ತಿದೆ, ಹಬ್ ಹೋಯಿತು" ಅಂತ ಯಾರಾದರೂ ಹೇಳಿದರೆ ಕೂಡಲೇ ನಂಬಬೇಡಿ. ಹಬ್ ಕೆಡುವುದು ಅಪರೂಪ. ಕೆಡುವುದು ಅದರ ಹೊರಗಿನ ಕೇಬಲ್, ವಾಷರ್, ಇಲ್ಲವೇ ಚಕ್ರ ಕೂರಿಸಿದ ರೀತಿ. ಈ ವಿಮರ್ಶೆಯಲ್ಲಿ ಜಾಸ್ತಿ ಮಾತು ಅದರ ಬಗ್ಗೆಯೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮಾಮೂಲಿ ಗೇರ್ ಸೈಕಲ್‌ನಲ್ಲಿ ಚೈನ್ ಒಂದು ಹಲ್ಲಿನ ಚಕ್ರದಿಂದ, ಅಂದರೆ ಸ್ಪ್ರಾಕೆಟ್‌ನಿಂದ ಇನ್ನೊಂದಕ್ಕೆ ಹಾರುತ್ತದೆ. ಇಲ್ಲಿ ಹಿಂದೆ ಇರುವುದು ಒಂದೇ ಸ್ಪ್ರಾಕೆಟ್. ಗೇರ್‌ಗಳೆಲ್ಲ ಹಬ್ ಡಬ್ಬದ ಒಳಗೆ, ಗ್ರೀಸಿನಲ್ಲಿ ಮುಚ್ಚಿಕೊಂಡಿವೆ. ಚೈನ್ ಯಾವಾಗಲೂ ನೇರ. ಪೂರ್ತಿ ಚೈನ್ ಕವರ್ ಹಾಕಬಹುದು, ಪ್ಯಾಂಟಿಗೆ ಮಸಿ ಹತ್ತುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗಲೂ ಗೇರ್ ಬದಲಿಸಬಹುದು. ಕರ್ವೆ ರಸ್ತೆಯ ಸಂಜೆಯ ಟ್ರಾಫಿಕ್‌ನಲ್ಲಿ ಓಡಿಸಿದವರಿಗೆ ಇದರ ಬೆಲೆ ಗೊತ್ತು. ರಿಕ್ಷಾ ಅಡ್ಡ ಬಂದು ಏಳನೇ ಗೇರ್‌ನಲ್ಲೇ ನಿಂತುಬಿಟ್ಟರೆ, ಹಿಡಿ ತಿರುಗಿಸಿ ಎರಡಕ್ಕೆ ಇಳಿಸಿ ಹೊರಟರಾಯಿತು. ತೊಂದರೆ ಅಂದರೆ ತೂಕ. ಹಬ್ ಒಂದೇ ಸುಮಾರು 2 ಕೆಜಿ. ಸೈಕಲ್ ಎತ್ತಿಕೊಂಡು ಮಹಡಿ ಹತ್ತುವವರು ಯೋಚಿಸಬೇಕು.

ಗೇರ್ ತೊಂದರೆ ಅರ್ಥವಾಗಬೇಕಾದರೆ ಒಳಗೆ ಏನಿದೆ ಅಂತ ಒಮ್ಮೆ ನೋಡಬೇಕು. ಇದರ ಗೇರ್ ಅನುಪಾತಗಳು (ಸ್ಪ್ರಾಕೆಟ್ ಒಂದು ಸುತ್ತಿಗೆ ಚಕ್ರ ಎಷ್ಟು ಸುತ್ತು) ಹೀಗಿವೆ: 0.527, 0.644, 0.748, 0.851, 1.000, 1.223, 1.419, 1.615. ಅತಿ ಮೇಲಿನದು ಅತಿ ಕೆಳಗಿನದರ ಸುಮಾರು ಮೂರು ಪಟ್ಟು. ಈಗ ಕೊನೆಯ ನಾಲ್ಕನ್ನು 0.527ರಿಂದ ಗುಣಿಸಿ ನೋಡಿ, ಮೊದಲ ನಾಲ್ಕು ಬರುತ್ತವೆ. ಅಂದರೆ ಒಳಗಿರುವುದು ನಾಲ್ಕೇ ಗೇರ್, ಅವನ್ನು ಎರಡು ಸಲ ಬಳಸುತ್ತಾರೆ. 1ರಿಂದ 4ರವರೆಗೆ ವೇಗ ತಗ್ಗಿಸುವ ಒಂದು ಹಂತ ಜೊತೆಗೆ ಇರುತ್ತದೆ. 5ಕ್ಕೆ ಹೋದಾಗ ಆ ಹಂತ ಬಿಟ್ಟುಹೋಗುತ್ತದೆ, ಅದೇ ಹೊತ್ತಿಗೆ ವೇಗ ಏರಿಸುವ ಹಂತವೂ ಬಿಡಬೇಕು. ಎರಡು ಕೆಲಸ ಒಂದೇ ಕ್ಷಣದಲ್ಲಿ ಆಗಬೇಕು. ಹಾಗಾಗಿ 4ರಿಂದ 5ಕ್ಕೆ, 5ರಿಂದ 4ಕ್ಕೆ ಹೋಗುವಾಗ ಜೋರಾಗಿ ತುಳಿಯುತ್ತಿದ್ದರೆ ಹಬ್ ತಡವರಿಸುತ್ತದೆ. ಅದು ದೋಷ ಅಲ್ಲ. ಅರ್ಧ ಸುತ್ತು ಕಾಲು ಹಗುರ ಮಾಡಿ, ಗೇರ್ ಕೂರುತ್ತದೆ. 1ರಿಂದ 4ರಲ್ಲಿ ಟಿಕ್‌ಟಿಕ್ ಸದ್ದು ಸ್ವಲ್ಪ ಜಾಸ್ತಿ ಕೇಳಿಸುವುದೂ ಸಹಜ.

ಸಹಜವಲ್ಲದ್ದು ಬೇರೆ ಇದೆ. ತುಳಿಯುತ್ತಿದ್ದಾಗ ಪೆಡಲ್ ಒಮ್ಮೆಲೇ ಖಾಲಿಯಾಗಿ ಕೆಳಗೆ ಬೀಳುವುದು, ಕರ್‌ರ್ ಅನ್ನುವುದು, ಗೇರ್ ತಾನೇ ಬದಲಾಗುವುದು. ಚಾಂದನಿ ಚೌಕದ ಏರಿನಲ್ಲಿ ನನ್ನ ಸೈಕಲ್ ಹೀಗೆ ಮಾಡತೊಡಗಿದಾಗ ಒಂದು ಅಂಗಡಿಗೆ ಒಯ್ದೆ. ಅವರು ಸೈಕಲ್ ಎತ್ತಿ ಪೆಡಲ್ ಒಂದು ಸಲ ತಿರುಗಿಸಿ, "ಹಬ್ ಬದಲಿಸಬೇಕು, ಇಲ್ಲಾಂದ್ರೆ ಮಾಮೂಲಿ ಗೇರ್ ಹಾಕಿಸಿಕೊಳ್ಳಿ" ಎಂದರು. ಹಬ್ ಹೊಂದಿಕೆ ತೋರಿಸುವ ಹಳದಿ ಗೆರೆಯನ್ನು ಯಾರೂ ನೋಡಲಿಲ್ಲ. ನನಗೆ ಇದು ನಿಜಕ್ಕೂ ನೋವು ತಂದಿತು. ಸರಿಯಾಗಿರುವ ಹಬ್ಬನ್ನು ಹೀಗೆ ಕಸಕ್ಕೆ ಹಾಕಿಸುವುದು ಎಷ್ಟು ಕಡೆ ನಡೆದಿರಬಹುದು, ಅಲ್ವಾ?

ಆ ಗೆರೆಯ ವಿಷಯ ಹೇಳುತ್ತೇನೆ, ಇದನ್ನು ಮಾತ್ರ ಮರೆಯಬೇಡಿ. ಹಬ್‌ನ ಬಲಗಡೆ, ಕೇಬಲ್ ಬಂದು ಸೇರುವ ಜಾಗದಲ್ಲಿ ಒಂದು ತಿರುಗುವ ಭಾಗ ಇದೆ. ಅದಕ್ಕೆ ಕ್ಯಾಸೆಟ್ ಜಾಯಿಂಟ್ ಅನ್ನುತ್ತಾರೆ. ಅದರ ಮೇಲೆ ಒಂದು ಗೆರೆ, ಪಕ್ಕದ ಅಲುಗಾಡದ ಭಾಗದ ಮೇಲೆ ಇನ್ನೊಂದು ಗೆರೆ. ಶಿಫ್ಟರನ್ನು (ಗೇರ್ ಬದಲಿಸುವ ಹಿಡಿಯನ್ನು) 1ಕ್ಕೆ ತನ್ನಿ, ಅಲ್ಲಿಂದ ಒಂದೊಂದೇ ಕ್ಲಿಕ್ ಏರಿಸಿ 4ಕ್ಕೆ ನಿಲ್ಲಿಸಿ. ಈಗ ಎರಡೂ ಗೆರೆ ಒಂದೇ ಸಾಲಿನಲ್ಲಿ ಇರಬೇಕು. ಗೆರೆಗಳು ಎರಡು ಕಡೆ ಇವೆ, ಯಾವುದು ಚೆನ್ನಾಗಿ ಕಾಣುತ್ತದೋ ಅದನ್ನು ನೋಡಿದರೆ ಸಾಕು. ಸಾಲಿನಲ್ಲಿ ಇಲ್ಲದಿದ್ದರೆ ಶಿಫ್ಟರ್ ಹತ್ತಿರ ಕೇಬಲ್ ಹೊರಗೆ ಬರುವಲ್ಲಿರುವ ಅಡ್ಜಸ್ಟರನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಹೊರಕ್ಕೆ ತಿರುಗಿಸಿದರೆ ಕೇಬಲ್ ಬಿಗಿ, ಒಳಕ್ಕೆ ತಿರುಗಿಸಿದರೆ ಸಡಿಲ. ಮತ್ತೆ 1ಕ್ಕೆ ಹೋಗಿ 4ಕ್ಕೆ ಬಂದು ನೋಡಿ. ಪಾನಾ ಬೇಡ, ಸ್ಕ್ರೂಡ್ರೈವರ್ ಬೇಡ, ಕೈ ಸಾಕು. ನನ್ನ ಸೈಕಲ್‌ನಲ್ಲಿ ಗೆರೆಗಳ ನಡುವೆ ಕೂದಲೆಳೆಗಿಂತ ಸ್ವಲ್ಪ ಜಾಸ್ತಿ ಅಂತರ ಇತ್ತು ಅಷ್ಟೇ. ಹೊಸ ಕೇಬಲ್ ಕೆಲವು ತಿಂಗಳಲ್ಲಿ ಜಗ್ಗಿ ಕೂರುತ್ತದೆ, ಅದರ ಫಲ ಇದು. ಆ ಸಂಜೆಯೇ ಏರು ಹತ್ತಿ ನೋಡಿದೆ, ಜಾರಲಿಲ್ಲ.

ಒಂದು ಎಚ್ಚರಿಕೆ. ಗೆರೆ ತಪ್ಪಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಓಡಿಸಿದರೆ ಒಳಗಿನ ಹಲ್ಲುಗಳು ಅರ್ಧ ಮಾತ್ರ ಕೂತು ಸವೆಯುತ್ತವೆ. ಆಗ ಮಾತ್ರ ಹಬ್ ನಿಜವಾಗಿಯೂ ಹೋಗುತ್ತದೆ. ಜಾರಿದ ದಿನವೇ ಗೆರೆ ನೋಡಿ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ರಸ್ತೆಯ ಕೆಸರು ಹಬ್ ಒಳಗೆ ಹೋಗುವುದಿಲ್ಲ, ಕೇಬಲ್‌ನ ಔಟರ್ (ಹೊರಗಿನ ಕೊಳವೆ) ಒಳಗೆ ಹೋಗುತ್ತದೆ. ಇದರ ಲಕ್ಷಣ ಬೇರೆ ಥರ. ಮೇಲಿನ ಗೇರ್‌ಗೆ ಹೋಗುವುದು ಸರಿ ಇರುತ್ತದೆ, ಕೆಳಗಿನ ಗೇರ್‌ಗೆ ಬರುವುದು ತಡವಾಗುತ್ತದೆ. ಏಕೆಂದರೆ ಮೇಲೆ ಹೋಗುವಾಗ ನಿಮ್ಮ ಕೈ ಕೇಬಲನ್ನು ಎಳೆಯುತ್ತದೆ. ಕೆಳಗೆ ಬರುವಾಗ ಹಬ್ ಒಳಗಿನ ಸ್ಪ್ರಿಂಗ್ ಎಳೆದುಕೊಳ್ಳಬೇಕು, ತುಕ್ಕು ಹಿಡಿದ ಕೇಬಲ್ ಅದಕ್ಕೆ ಜಗ್ಗುವುದಿಲ್ಲ. 8ರಿಂದ ಇಳಿದು 4ಕ್ಕೆ ಬಂದಾಗ ಗೆರೆ ಒಂದು ಕಡೆ, 1ರಿಂದ ಏರಿ 4ಕ್ಕೆ ಬಂದಾಗ ಇನ್ನೊಂದು ಕಡೆ ನಿಂತರೆ ಕೇಬಲ್ ಬದಲಿಸುವ ಕಾಲ ಬಂತು ಅಂತಲೇ ಅರ್ಥ. ಎಷ್ಟು ಅಡ್ಜಸ್ಟ್ ಮಾಡಿದರೂ ಪ್ರಯೋಜನ ಇಲ್ಲ. ಇನ್ನರ್ (ಒಳಗಿನ ತಂತಿ) ಮತ್ತು ಔಟರ್ ಎರಡನ್ನೂ ಬದಲಿಸಿ. ಇನ್ನರ್ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಹಬ್ ಕಡೆಯ ಕೇಬಲ್ ತುದಿಗೆ ಒಂದು ಸಣ್ಣ ಬೋಲ್ಟ್ ಬಿಗಿಯಬೇಕು. ಔಟರ್ ಕೊನೆಯಿಂದ ಆ ಬೋಲ್ಟ್‌ಗೆ 101 ಮಿಮೀ ದೂರ. ಇದನ್ನು ಸ್ಕೇಲ್ ಇಟ್ಟು ಅಳೆಯಿರಿ, ಅಂದಾಜು ಬೇಡ. ಇಲ್ಲಿ ಹೆಚ್ಚುಕಡಿಮೆ ಆದರೆ ಅಡ್ಜಸ್ಟರ್ ಪೂರ್ತಿ ತಿರುಗಿಸಿದರೂ ಗೆರೆ ಸೇರುವುದಿಲ್ಲ. ನಾನು ಪ್ರತಿ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ಕೇಬಲ್ ಬದಲಿಸುತ್ತೇನೆ.

ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಪಂಕ್ಚರ್. ಒಮ್ಮೆ ರಸ್ತೆ ಬದಿಯಲ್ಲಿ ಹಿಂದಿನ ಚಕ್ರ ಬಿಚ್ಚಿ ಪಂಕ್ಚರ್ ಹಾಕಿಸಿದ ಮೇಲೆ ವಿಚಿತ್ರ ತೊಂದರೆ ಶುರುವಾಯಿತು. ಮನೆಯಲ್ಲಿ ನಿಲ್ಲಿಸಿ ನೋಡಿದರೆ ಗೆರೆ ಸರಿ. ಒಂದು ಏರು ಹತ್ತಿ ಬಂದರೆ ಗೆರೆ ಸರಿದಿರುತ್ತಿತ್ತು. ಮತ್ತೆ ಹೊಂದಿಸಿದರೆ ಮತ್ತೆ ಅದೇ ಕಥೆ. ಹೊಸ ಕೇಬಲ್, ಆದರೂ ಹೀಗೆ.

ಕಾರಣ ವಾಷರ್. ಈ ಹಬ್‌ನ ಆಕ್ಸಲ್ (ನಡುವಿನ ಅಚ್ಚಿನ ಕಂಬಿ) ಎರಡೂ ಕಡೆ ಚಪ್ಪಟೆಯಾಗಿದೆ. ಅದಕ್ಕೆ ಸರಿಯಾಗಿ ಕೂರುವ, ಒಂದು ಸಣ್ಣ ಮೂಗು ಇರುವ ವಾಷರ್ ಇದೆ. ಆ ಮೂಗು ಫ್ರೇಮಿನ ಸೀಳಿನೊಳಗೆ ಕೂತು ಆಕ್ಸಲ್ ತಿರುಗದಂತೆ ಹಿಡಿಯುತ್ತದೆ. ಎಡಕ್ಕೊಂದು, ಬಲಕ್ಕೊಂದು, ಎರಡೂ ಬೇರೆ ಬೇರೆ. ಫ್ರೇಮಿನ ಸೀಳು ಯಾವ ಕೋನದಲ್ಲಿದೆ ಎನ್ನುವುದಕ್ಕೆ ತಕ್ಕಂತೆ ಬೇರೆ ಬೇರೆ ಬಣ್ಣದ ಜೋಡಿಗಳು ಬರುತ್ತವೆ, ಮೇಲೆ ನಂಬರ್ ಮತ್ತು ಆರ್ ಅಥವಾ ಎಲ್ ಅಂತ ಅಚ್ಚು ಇರುತ್ತದೆ. ನನ್ನ ಚಕ್ರ ವಾಪಸ್ ಹಾಕುವಾಗ ಒಂದು ವಾಷರ್‌ನ ಮೂಗು ಸೀಳಿನ ಹೊರಗೆ ಉಳಿದಿತ್ತು. ಏರಿನಲ್ಲಿ ಜೋರಾಗಿ ತುಳಿದಾಗ ಆಕ್ಸಲ್ಲೇ ಸ್ವಲ್ಪ ತಿರುಗುತ್ತಿತ್ತು. ಆಕ್ಸಲ್ ಜೊತೆ ಕ್ಯಾಸೆಟ್ ಜಾಯಿಂಟ್ ತಿರುಗುತ್ತದೆ, ಕೇಬಲ್ ಬಿಗಿ ಬದಲಾಗುತ್ತದೆ. 5ನೇ ಗೇರ್‌ನಲ್ಲಿ ಸ್ಪ್ರಾಕೆಟ್ ಮತ್ತು ಹಬ್ ನೇರವಾಗಿ ಒಟ್ಟಿಗೆ ತಿರುಗುವುದರಿಂದ ತುಳಿತದ ಬಲ ಆಕ್ಸಲನ್ನು ತಿರುಚುವುದಿಲ್ಲ. ಮಿಕ್ಕ ಎಲ್ಲ ಗೇರ್‌ಗಳಲ್ಲಿ ತಿರುಚುತ್ತದೆ, 1ರಲ್ಲಿ ಜೋರಾಗಿಯೇ. ಸಪಾಟು ರಸ್ತೆಯಲ್ಲಿ ಎಲ್ಲ ಸರಿ ಇದ್ದು ಏರಿನ ನಂತರ ಮಾತ್ರ ಕೆಡುತ್ತಿದ್ದರೆ ಮೊದಲು ಈ ವಾಷರ್ ನೋಡಿ. ಸರಿಯಾಗಿ ಕೂತಾಗ ಕೇಬಲ್ ಹಿಡಿಯುವ ತೋಳು ಫ್ರೇಮಿನ ಚೈನ್ ಪಕ್ಕದ ಪೈಪಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತದೆ. ನಟ್‌ಗಳನ್ನು 30ರಿಂದ 45 ನ್ಯೂಟನ್ ಮೀಟರ್ ಬಿಗಿ ಮಾಡಬೇಕು. ಅಂದರೆ ಒಳ್ಳೆಯ ಉದ್ದನೆಯ 15 ಮಿಮೀ ಪಾನಾ ಬೇಕು, ಗಿಡ್ಡ ಪಾನಾ ಸಾಲದು.

ಅದಾದ ಮೇಲೆ ಪಂಕ್ಚರ್ ಅಂಗಡಿಯಲ್ಲಿ ನನ್ನ ಮೊದಲ ಮಾತು ಒಂದೇ: "ಚಾಕ ಕಾಢೂ ನಕಾ, ಟ್ಯೂಬ್ ತಶೀಚ ಬಾಹೇರ ಕಾಢಾ" (ಚಕ್ರ ಬಿಚ್ಚಬೇಡಿ, ಟ್ಯೂಬ್ ಹಾಗೇ ಹೊರತೆಗೆಯಿರಿ). ಚಕ್ರ ಬಿಚ್ಚದೆ ಟೈರ್ ಒಂದು ಬದಿ ತೆರೆದು ಟ್ಯೂಬ್ ಎಳೆದು ಪ್ಯಾಚ್ ಹಾಕುವುದು ಇಲ್ಲಿನ ಮಿಸ್ತ್ರಿಗಳಿಗೆ ಚೆನ್ನಾಗಿ ಗೊತ್ತು. ಚಕ್ರ ಬಿಚ್ಚಲೇಬೇಕಾದರೆ ಶಿಫ್ಟರನ್ನು 1ಕ್ಕೆ ಇಡಿ. ಆಗ ಕೇಬಲ್ ಅತಿ ಸಡಿಲ. ಕ್ಯಾಸೆಟ್ ಜಾಯಿಂಟ್‌ನ ತಿರುಗುವ ಭಾಗದಲ್ಲಿ ಒಂದು ಸಣ್ಣ ತೂತು ಇದೆ. 2 ಮಿಮೀ ಅಲೆನ್ ಕೀ ಅದರೊಳಗೆ ತೂರಿಸಿ ತಿರುಗಿಸಿದರೆ ಕೇಬಲ್ ಇನ್ನೂ ಸಡಿಲವಾಗಿ, ತುದಿಯ ಬೋಲ್ಟ್ ತನ್ನ ಗೂಡಿನಿಂದ ಸಲೀಸಾಗಿ ಹೊರಬರುತ್ತದೆ. ಆ ಬೋಲ್ಟನ್ನು ಮಾತ್ರ ಬಿಚ್ಚಬೇಡಿ, 101 ಮಿಮೀ ಲೆಕ್ಕ ತಪ್ಪುತ್ತದೆ.

ಎರಂಡವಣೆಯಲ್ಲಿರುವ ನಮ್ಮ ಕಾಕಾ ಹತ್ತಿರ ಸ್ಟರ್ಮಿ ಆರ್ಚರ್ 3 ಸ್ಪೀಡ್ ಹಬ್‌ನ ಹಳೆಯ ಸೈಕಲ್ ಇದೆ. ಧಾರವಾಡದಿಂದ ತಂದದ್ದು, ಈಗಲೂ ಓಡುತ್ತದೆ. ನನ್ನ ಹಬ್ಬನ್ನು ತಿರುಗಿಸಿ ನೋಡಿ, "ತಮ್ಮಾ, ಇದಕ್ಕ ಎಣ್ಣಿ ಬಿಡೂ ತೂತು ಎಲ್ಲೈತಿ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಹಳೆಯ ಸ್ಟರ್ಮಿ ಹಬ್‌ಗಳಲ್ಲಿ ಎಣ್ಣೆ ಬಿಡಲು ಮುಚ್ಚಳದ ತೂತು ಇರುತ್ತಿತ್ತು, ನೆಕ್ಸಸ್ 8ರಲ್ಲಿ ಇಲ್ಲ. ಇದರ ಒಳಭಾಗವನ್ನು ಪೂರ್ತಿ ಹೊರತೆಗೆದು, ಕಂಪನಿಯ ಎಣ್ಣೆಯಲ್ಲಿ ಸುಮಾರು 90 ಸೆಕೆಂಡ್ ಮುಳುಗಿಸಿ, ಸೋರಲು ಬಿಟ್ಟು ವಾಪಸ್ ಹಾಕಬೇಕು. ಎರಡು ವರ್ಷಕ್ಕೊಮ್ಮೆ, ಜಾಸ್ತಿ ಓಡಿಸುವವರು 5000 ಕಿಮೀಗೊಮ್ಮೆ. ಕಾಕಾ ಹಬ್‌ಗೂ ಹೊಂದಿಸುವ ಗುರುತು ಇದೆ. ನಡುವಿನ ಗೇರ್‌ಗೆ ಇಟ್ಟು, ಬಲಗಡೆಯ ನಟ್‌ನ ಕಿಂಡಿಯಲ್ಲಿ ನೋಡಬೇಕು. ಗೇರ್ ಕೇಬಲಿನ ಸಣ್ಣ ಚೈನಿಗೆ ಕೂಡಿರುವ ಕಡ್ಡಿಯ ತುದಿ ಆಕ್ಸಲ್ ತುದಿಗೆ ಸಮನಾಗಿ ಕಾಣಬೇಕು. ಅದು ತಪ್ಪಿದರೆ 2 ಮತ್ತು 3ರ ನಡುವೆ ಪೆಡಲ್ ಖಾಲಿ ತಿರುಗುತ್ತದೆ, ನಿಂತು ತುಳಿಯುವವರು ಮುಗ್ಗರಿಸುತ್ತಾರೆ. ನೆಕ್ಸಸ್ 3 ಇದ್ದವರು 2ನೇ ಗೇರ್‌ಗೆ ಇಟ್ಟು ಆಕ್ಸಲ್ ತುದಿಯ ಡಬ್ಬಿಯ ಕಿಂಡಿಯಲ್ಲಿ ಗುರುತು ನೋಡಬೇಕು.

ನೀರಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಖಡಕ್‌ವಾಸಲಾ ಡ್ಯಾಮಿನಿಂದ ನೀರು ಬಿಟ್ಟಾಗ ಭಿಡೆ ಸೇತುವೆ ಮುಳುಗುತ್ತದೆ, ಆಸುಪಾಸಿನ ರಸ್ತೆಗಳಲ್ಲೂ ನೀರು ನಿಲ್ಲುತ್ತದೆ. ಹಬ್ ಮುಳುಗುವಷ್ಟು ನೀರಿದ್ದರೆ ಸುತ್ತಿಕೊಂಡು ಹೋಗುತ್ತೇನೆ. ಸರ್ವಿಸ್ ಸ್ಟೇಷನ್‌ನ ಜೋರು ನೀರಿನ ಪೈಪ್ ಕೂಡ ಬೇಡವೇ ಬೇಡ. ಒದ್ದೆ ಬಟ್ಟೆ ಸಾಕು.

ಏರಿನ ಬಗ್ಗೆ ಒಂದು ಮಾತು. ಸಿಂಹಗಡದ ಘಾಟಿಗೆ ಇದನ್ನು ಕೊಳ್ಳಬೇಡಿ, ಅದಕ್ಕೆ ಇನ್ನೂ ಕೆಳಗಿನ ಗೇರ್ ಬೇಕು. ಚಾಂದನಿ ಚೌಕದಂಥ ಏರಿಗೆ ಸ್ಪ್ರಾಕೆಟ್ ಬದಲಿಸಿದರೆ ಸಾಕು. ನನ್ನದು ಮುಂದೆ 38 ಹಲ್ಲು, ಹಿಂದೆ 18 ಇತ್ತು. ಹಿಂದೆ 20 ಹಾಕಿಸಿದೆ. ಈಗ 1ನೇ ಗೇರ್‌ನಲ್ಲಿ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದೇ ಸುತ್ತು. ಸಾಮಾನು ತುಂಬಿಕೊಂಡೂ ಕೂತೇ ಹತ್ತಬಹುದು. ಇಳಿಜಾರಿನ ವೇಗ ಸ್ವಲ್ಪ ಕಡಿಮೆಯಾಗಿದೆ, ಅದರ ಕೊರತೆ ನನಗೆ ಅನಿಸಿಲ್ಲ. ಸ್ಪ್ರಾಕೆಟ್ ಒಂದು ಸ್ನ್ಯಾಪ್ ರಿಂಗ್‌ನಿಂದ ಕೂತಿರುತ್ತದೆ, ಸಣ್ಣ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದರೆ ಬರುತ್ತದೆ. ಚೈನ್ ಉದ್ದ ಸಾಲದಿದ್ದರೆ ಕೊಂಡಿ ಸೇರಿಸಿಕೊಳ್ಳಿ. ಮುಂದಿನ ಹಲ್ಲು ಹಿಂದಿನದರ ಸುಮಾರು ಎರಡರಷ್ಟು ಇರಲಿ ಅಂತ ಕಂಪನಿ ಹೇಳುತ್ತದೆ. ಅದಕ್ಕಿಂತ ತುಂಬಾ ಕೆಳಗೆ ಇಳಿಸಿದರೆ ಹಬ್ ಒಳಗಿನ ಗೇರ್‌ಗಳ ಮೇಲೆ ಬೀಳುವ ಬಲ ಜಾಸ್ತಿಯಾಗುತ್ತದೆ, 20ರ ಮೇಲೆ ಹೋಗುವ ಮುಂಚೆ ಆ ಲೆಕ್ಕ ಹಾಕಿ ನೋಡಿ.