ಫೈಫಾಕ್ಸ್ ಆ್ಯಪ್: ಸ್ಕೂಟಿಗೆ ಫೋನ್ ಕಟ್ಟಿ ನೋಡಿದೆ

ಹೋದ ಭಾನುವಾರ ಕಲಬುರಗಿ ರಿಂಗ್ ರೋಡಿನಲ್ಲಿ ಕೀಂ ಅಂತ ಕೂಗುತ್ತಾ ಓಡಾಡಿದ ಸ್ಕೂಟಿ ನಮ್ಮದೇ. ನಡೆಸಿದ್ದು ಅಕ್ಕನ ಮಗ. "ಮಾಮಾ, ಮಂದಿ ನೋಡ್ಲತ್ತಾರ" ಅಂತ ಒಂದೇ ಸಮ ಗೊಣಗಿದ, ಪಾಪ.

ಫೈಫಾಕ್ಸ್ ಅಂದರೆ ಫೋನಿನ ಸೆನ್ಸರುಗಳಿಂದ ವಿಜ್ಞಾನದ ಪ್ರಯೋಗ ಮಾಡಿಸುವ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ಆ್ಯಪ್. ಪೂರ್ತಿ ಉಚಿತ. ಅದರಲ್ಲಿ ಡಾಪ್ಲರ್ ಪರಿಣಾಮಕ್ಕೇ (ಶಬ್ದ ಮಾಡುವ ವಸ್ತು ಓಡಾಡಿದರೆ ಕೇಳುವವರಿಗೆ ಸ್ವರ ಬದಲಾಗುವುದು) ಒಂದು ಪ್ರಯೋಗ ಇದೆ, ಆದರೆ ಎರಡು ಫೋನ್ ಬೇಕು. ಒಂದು 1000 ಹರ್ಟ್ಸ್ (ಅಂದರೆ ಸೆಕೆಂಡಿಗೆ 1000 ಅಲೆ) ಸ್ವರ ಹಾಕುತ್ತಾ ಗಾಡಿಯ ಮುಂದೆ ಕೂತಿತ್ತು, ಇನ್ನೊಂದು ಆ ಸ್ವರವನ್ನು ಅಳೆಯುತ್ತಾ ರಸ್ತೆ ಪಕ್ಕ ನನ್ನ ಕೈಯಲ್ಲಿ. ಮೊದಲ ರೌಂಡು ದಂಡ, ಫೋನನ್ನು ಡಿಕ್ಕಿಯಲ್ಲಿ ಇಟ್ಟಿದ್ದೆವು!

ಹಾರ್ನ್ ಹತ್ತಿರ ಬಂದಷ್ಟೂ ಸ್ವರ ಏರುತ್ತಾ ಹೋಗುತ್ತದೆ ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ, ನೀವೂ ಹಾಗೇ ಅಲ್ವಾ? ಸುಳ್ಳು. ಗಾಡಿ ಇನ್ನೂ ದೂರ ಇರುವಾಗಲೇ ಆ್ಯಪ್ ತೋರಿಸುವ ಸ್ವರದ ಗೆರೆ 1029 ಹರ್ಟ್ಸ್ ಹತ್ತಿರ ಇತ್ತು, ಅಲ್ಲೇ ಇತ್ತು, ನನ್ನ ಮುಂದೆ ದಾಟುವಾಗ ಜಾರಿ 972ಕ್ಕೆ ಬಂತು. ಏರಿದ್ದು ಶಬ್ದದ ಜೋರು ಮಾತ್ರ. ಕಿವಿ ಎರಡನ್ನೂ ಕಲಸಿಬಿಡುತ್ತದೆ.

ಲೆಕ್ಕವೂ ಸುಲಭ. ಆ ಬಿಸಿಲಿಗೆ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ, ಅಂದರೆ ಗಾಡಿ ನಿಂತಿದ್ದರೆ ಒಂದೊಂದು ಅಲೆ 35 ಸೆಂಟಿಮೀಟರ್ ಉದ್ದ. ಸೆಕೆಂಡಿಗೆ 10 ಮೀಟರ್ ಹೋಗುವ ಸ್ಕೂಟಿ ಒಂದು ಅಲೆ ಬಿಟ್ಟು ಇನ್ನೊಂದು ಬಿಡುವಷ್ಟರಲ್ಲಿ ತಾನೇ 1 ಸೆಂಟಿಮೀಟರ್ ಮುಂದೆ ಬಂದಿರುತ್ತದೆ. ಹಾಗಾಗಿ ಗಾಡಿಯ ಮುಂದುಗಡೆ ಅಲೆ 34 ಸೆಂಟಿಮೀಟರ್, ಹಿಂದುಗಡೆ 36. 350 ಮೀಟರನ್ನು ಇವುಗಳಿಂದ ಭಾಗಿಸಿ, 1029 ಮತ್ತು 972 ಬರುತ್ತದೆ. ಗಾಡಿಯ ಮೀಟರು 40 ತೋರಿಸಿತ್ತಂತೆ, ನಮ್ಮ ಲೆಕ್ಕಕ್ಕೆ ಸಿಕ್ಕಿದ್ದು ಗಂಟೆಗೆ 36 ಕಿಲೋಮೀಟರ್. ನಾನು ಆ್ಯಪನ್ನೇ ನಂಬುತ್ತೇನೆ.

1845ರಲ್ಲಿ ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ ಇದನ್ನೇ ನೆದರ್‌ಲೆಂಡ್ಸ್‌ನಲ್ಲಿ ರೈಲಿನ ಮೇಲೆ ತುತ್ತೂರಿ ಊದುವವರನ್ನು ಕೂರಿಸಿ ಪರೀಕ್ಷಿಸಿದ್ದ. ನಮಗೆ ಸಾಕಾಗಿದ್ದು ಒಂದು ಹಳೇ ಫೋನು, ಎರಡು ರಬ್ಬರ್ ಬ್ಯಾಂಡು.

ಒಂದು ಮಾತು: ಸ್ವರ ಒಂದೇ ಸಮ ಇರಬೇಕು, ಮೂಲ ಹರ್ಟ್ಸನ್ನು ನೀವೇ ಹಾಕಬೇಕು. ಖಾಲಿ ರಸ್ತೆ ಹುಡುಕಿಕೊಳ್ಳಿ. ನಮ್ಮ ನಾಲ್ಕನೇ ರೌಂಡು ಚೆನ್ನಾಗಿ ಬರುತ್ತಿತ್ತು, ಅಷ್ಟರಲ್ಲಿ ಸೇಡಂ ಕಡೆಯಿಂದ ಬಂದ ಸಿಮೆಂಟ್ ಲಾರಿಯವನು ಹಾಡಿನ ಹಾರ್ನ್ ಹೊಡೆದ, ಗೆರೆಯೆಲ್ಲ ಹುಲ್ಲುಮೆದೆ ಆಯ್ತು.